ತೆಳು ರೊಟ್ಟಿಯ ಗುಟ್ಟು

'ಚಿಂತೆ ಮಾಡಬೇಡಿ' ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಹಲ್ಲುನೋವಿನವನಿಗೆ 'ಹಲ್ಲು ನೋಯಿಸಿಕೊಳ್ಳಬೇಡಿ' ಎಂದು ಯಾರಾದರೂ ಹೇಳುತ್ತಾರೆಯೇ? ಚಿಂತೆಯ ವಿಷಯಕ್ಕೆ ಬಂದರೆ ಮಾತ್ರ ಕಂಡವರೆಲ್ಲ ವೈದ್ಯರೇ. ಇನ್ನು ನಿಜವಾದ ವೈದ್ಯರು ಬಿಡುತ್ತಾರೆಯೇ? ತೋಳಿಗೆ ಪಟ್ಟಿ ಸುತ್ತಿ, ಪುಸ್ ಪುಸ್ ಎಂದು ಗಾಳಿ ತುಂಬಿ, "ಬಿ.ಪಿ. ಏರಿದೆ, ಟೆನ್ಶನ್ ತಗೋಬೇಡಿ" ಎಂದರು. ನಾನೇನು ಚೀಲ ಹಿಡಿದು ಪೇಟೆಗೆ ಹೋಗಿ ಟೆನ್ಶನ್ ತರುತ್ತೇನೆಯೇ? ಅದು ತಾನಾಗಿಯೇ ಟೆಂಪೋದಲ್ಲಿ ನನ್ನ ಮನೆಗೆ ಬಂದು ಇಳಿದಿತ್ತು.

ಆದದ್ದಿಷ್ಟು. ನಾವು ಧಾರವಾಡದವರು. ಗೋವಾದ ಮಡಗಾಂವಿನಲ್ಲಿ ನಮ್ಮದು ಸೀರೆ ಅಂಗಡಿ, ಅಪ್ಪನ ಕಾಲದ್ದು. ಕಟ್ಟಡ ಹಳೆಯದಾಯಿತು, ಕೆಡವಿ ಹೊಸದು ಕಟ್ಟುತ್ತೇನೆ ಎಂದು ಮಾಲಕರು ನಮ್ಮನ್ನೆಲ್ಲ ಹೊರಗೆ ಕಳಿಸಿದರು. ಬೇರೆ ಜಾಗ ಸಿಗುವ ತನಕ ಮಾಲು ಎಲ್ಲಿಡುವುದು? ಫಾತೋರ್ಡಾದ ನಮ್ಮ ಫ್ಲ್ಯಾಟಿಗೇ ತಂದೆವು. ಸೋಫಾದ ಮೇಲೆ ಇಳಕಲ್ ಸೀರೆ, ಫ್ರಿಜ್ಜಿನ ಮೇಲೆ ಕುಪ್ಪಸದ ಕಣ, ಮಂಚದ ಕೆಳಗೆ ಲಂಗದ ಬಟ್ಟೆ. ಊರಿನಿಂದ ಬಂದ ನೆಂಟರೊಬ್ಬರು ಗಂಟುಗಳನ್ನೆಲ್ಲ ನೋಡಿ, "ಮದುವಿ ಯಾರದ್ರಿ? ನಮಗ ಹೇಳಲೇ ಇಲ್ಲ" ಎಂದು ಮುಖ ಊದಿಸಿಕೊಂಡರು. ಮದುವೆಯಲ್ಲ, ಅಂಗಡಿ ಮುಚ್ಚಿದೆ ಎಂದು ಹೇಳುವಾಗ ನನ್ನ ಬಿ.ಪಿ. ಇನ್ನೊಂದಿಷ್ಟು ಏರಿರಬೇಕು.

ಮನಃಶಾಂತಿಗಾಗಿ ನಾನು ಮಾಡದ ಸಾಹಸವಿಲ್ಲ. ಮೊಬೈಲಿನಲ್ಲಿ ಒಬ್ಬಾಕೆ ಇಂಪಾಗಿ "ಉಸಿರು ಒಳಗೆ, ಉಸಿರು ಹೊರಗೆ" ಎನ್ನುತ್ತಿದ್ದಳು. ನಡುವೆ ಯಾವುದೋ ಸಾಲದ ಜಾಹೀರಾತು ಬಂದು, ಒಳಗೆ ಹೋದ ಉಸಿರು ಅಲ್ಲೇ ನಿಂತುಬಿಡುತ್ತಿತ್ತು. ಕೋಲ್ವಾ ಬೀಚಿನಲ್ಲಿ ಕಣ್ಣು ಮುಚ್ಚಿ ಕೂತೆ. ನಾಯಿಯೊಂದು ಬಂದು ಪಕ್ಕದಲ್ಲೇ ಮಲಗಿ, ನನಗಿಂತ ಮೊದಲು ಶಾಂತಿ ಪಡೆದು ಗೊರಕೆ ಹೊಡೆಯಿತು. ನಗೆ ಕ್ಲಬ್ಬಿಗೂ ಸೇರಿದೆ. ಮುಂಜಾನೆ ಹತ್ತಾರು ಜನ ಕೈ ಮೇಲೆತ್ತಿ 'ಹಾ ಹಾ' ಎನ್ನುತ್ತಿದ್ದರೆ ನಾನೊಬ್ಬನೇ, 'ಇಷ್ಟು ಜನರಲ್ಲಿ ಯಾರಿಗಾದರೂ ಬಾಡಿಗೆಗೆ ಕೊಡುವ ಅಂಗಡಿ ಇದ್ದೀತೇ' ಎಂದು ಮುಖಗಳನ್ನು ನೋಡುತ್ತಿದ್ದೆ.

ಇದೇ ಮನೆಯಲ್ಲಿ, ಇದೇ ಗಂಟುಗಳ ನಡುವೆ, ನನ್ನ ಹೆಂಡತಿ ಶಾಂತಾ ಮಾತ್ರ ಹಾಡು ಗುನುಗುತ್ತ ಓಡಾಡುತ್ತಿದ್ದಳು. ಇವಳಿಗೆ ವ್ಯಾಪಾರದ ಬಿಸಿ ತಟ್ಟಿಲ್ಲ ಎಂದುಕೊಂಡಿದ್ದೆ. ಬೆಳಕು ಹರಿಯುವ ಹೊತ್ತಿಗೆ ಎದ್ದು, ಅಡುಗೆಮನೆಯ ನೆಲದ ಮೇಲೆ ಕೊಣಮಿಗೆ ಎನ್ನುವ ಕಟ್ಟಿಗೆಯ ಮರಿಗೆ ಇಟ್ಟು, ಅದರಲ್ಲಿ ಜೋಳದ ಹಿಟ್ಟು ನಾದಿ ಪಟ ಪಟ ಪಟ ಎಂದು ರೊಟ್ಟಿ ಬಡಿಯುತ್ತಿದ್ದಳು. ಅವಳ ರೊಟ್ಟಿಯ ಬಗ್ಗೆ ನಾನು ಮಡಗಾಂವಿನ ವ್ಯಾಪಾರಿಗಳ ಮುಂದೆಲ್ಲ ಜಂಬ ಕೊಚ್ಚಿಕೊಂಡವನು. ಎತ್ತಿ ಹಿಡಿದರೆ ಆಚೆ ಕಡೆಯ ಬೆಳಕು ಕಾಣಬೇಕು, ಅಷ್ಟು ತೆಳು. ಮದುವೆಯಾದ ಹೊಸತರಲ್ಲಿ ಇಷ್ಟು ತೆಳು ಇರಲಿಲ್ಲ. ವರ್ಷ ಕಳೆದಂತೆ ಕೈ ಪಳಗಿದೆ ಎಂದು ನಾನು ಎಲ್ಲರಿಗೂ ವಿವರಿಸುತ್ತಿದ್ದೆ.

ಒಂದು ದಿನ ಕೆಳಗಿನ ಮನೆಯ ಮಾರಿಯಾ ಆಂಟಿ ಮೆಟ್ಟಿಲ ಬಳಿ ನನ್ನನ್ನು ತಡೆದರು. ಒಳ್ಳೆಯ ಹೆಂಗಸು, ಗಂಡ ಹಡಗಿನಲ್ಲಿ ಕೆಲಸಕ್ಕಿದ್ದಾನೆ. ಅವರ ಮುಖ ಬಾಡಿತ್ತು. "ಬಾಬ್, ನನಗೆ ಕಣ್ಣು ಹತ್ತುವುದೇ ಬೆಳಗಿನ ಜಾವಕ್ಕೆ. ಆಗಲೇ ನಿಮ್ಮ ಮನೆಯಲ್ಲಿ ಢೋಲು ಶುರುವಾಗುತ್ತದಲ್ಲ" ಎಂದು ಕೊಂಕಣಿಯಲ್ಲಿ ನೊಂದುಕೊಂಡರು. ನನಗೆ ನಾಚಿಕೆಯಾಯಿತು. ಕೂಡಲೇ ತಲೆ ಓಡಿಸಿ, ಹುಬ್ಬಳ್ಳಿಯಿಂದ ಬರುವ ಬಸ್ಸಿನಲ್ಲಿ ದೊಡ್ಡದೊಂದು ಡಬ್ಬಿ ತುಂಬ ಕಡಕ್ ರೊಟ್ಟಿ ತರಿಸಿದೆ. ಒಣಗಿದ ರೊಟ್ಟಿ, ತಿಂಗಳಾದರೂ ಕೆಡುವುದಿಲ್ಲ. ಆಂಟಿಗೆ ನಿದ್ದೆ, ಹೆಂಡತಿಗೆ ವಿಶ್ರಾಂತಿ! ಡಬ್ಬಿಯನ್ನು ಶಾಂತಾಳ ಮುಂದಿಟ್ಟು, ಶಭಾಷ್ ಎನ್ನುತ್ತಾಳೆಂದು ಕಾದೆ. ಅವಳು ಡಬ್ಬಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು.

ಮರುದಿನದಿಂದ ಮನೆಯಲ್ಲಿ ರೊಟ್ಟಿಯೊಂದು ಬಿಟ್ಟು ಉಳಿದದ್ದೆಲ್ಲ ಸದ್ದು ಮಾಡತೊಡಗಿತು. ಕಪಾಟಿನ ಬಾಗಿಲು ಧಡ್, ಪಾತ್ರೆ ಢಣ್. ಕುಕ್ಕರು ಕೂಡ ಬೈದಂತೆ ಕೂಗುತ್ತಿತ್ತು. ಚಹಾ ಕೇಳಿದರೆ ಲೋಟ ನನ್ನ ಮುಂದೆ ಕುಣಿದು ನಿಲ್ಲುತ್ತಿತ್ತು. ಹಾಡು ನಿಂತುಹೋಯಿತು. ಕೊನೆಗೊಂದು ದಿನ ಧೈರ್ಯ ಮಾಡಿ, "ಏನಾತು ಶಾಂತಾ? ಆರಾಮ ಇಲ್ಲೇನು?" ಎಂದೆ.

"ನನಗೇನಾಗೇತ್ರಿ?" ಎಂದವಳೇ ಸೀರೆಯ ಗಂಟಿನ ಮೇಲೆ ಕೂತು ಅಳತೊಡಗಿದಳು. "ನಿಮಗ ಡಾಕ್ಟರ್ ಅದಾರ, ಮೊಬೈಲ್‌ನ್ಯಾಗ ಉಸಿರಾಡಸಾಕಿ ಅದಾಳ, ನಗೂ ಕ್ಲಬ್ ಐತಿ. ನನಗೇನೈತಿ? ಅಂಗಡಿ ಹೋತು ಅಂತ ನನಗ ಚಿಂತಿ ಇಲ್ಲೇನು? ಮುಂಜಾನೆದ್ದು ರೊಟ್ಟಿ ಬಡದ್ರ ಎದಿಯಾಗಿಂದೆಲ್ಲಾ ಹಿಟ್ಟಿಗೆ ಇಳದು ಹಗರ ಆಗ್ತಿತ್ತು. ಅದನ್ನೂ ನೀವು ಡಬ್ಬ್ಯಾಗ ಹಾಕಿ ಮುಚ್ಚಿದ್ರಿ."

ಅವಳ ಹಾಡು ನನಗೆ ಎಷ್ಟು ಬೇಕಾಗಿತ್ತು ಎನ್ನುವುದು ಆಗಲೇ ಗೊತ್ತಾದದ್ದು. ಚಪ್ಪಲಿ ಮೆಟ್ಟಿ ನೇರವಾಗಿ ಕೆಳಗಿಳಿದು ಮಾರಿಯಾ ಆಂಟಿಗೆ ಕೈಮುಗಿದೆ. ಸಂಜೆ ಹೊತ್ತಾದರೂ ರೊಟ್ಟಿ ಬಡಿಯಲು ಅಪ್ಪಣೆ ಕೊಡಿ ಎಂದು ಕಥೆಯನ್ನೆಲ್ಲ ಹೇಳಿದೆ. ಆಂಟಿ ನಿಟ್ಟುಸಿರು ಬಿಟ್ಟರು. "ಸದ್ದು ನಿಂತರೂ ನಿದ್ದೆ ಬರಲಿಲ್ಲ, ಬಾಬ್. ಹಡಗಿನಿಂದ ಫೋನ್ ಬಂದರೆ ತಾನೇ ಬರುವುದು" ಎಂದವರು, "ಹೊಡೆದರೆ ಹಗುರ ಆಗುತ್ತದೆ ಎಂದಳೇ? ನಾನೂ ಬರಲೇ?" ಎಂದು ಕೇಳಿದರು.

ಅಂದಿನಿಂದ ದಿನಾ ಸಂಜೆ ನಮ್ಮ ಅಡುಗೆಮನೆಯಲ್ಲಿ ಜೋಡಿ ಪಟಪಟ. ಆಂಟಿಯ ಮೊದಲ ರೊಟ್ಟಿಗಳು ದಪ್ಪನೆ ಬಂದವು. ಅಂಚು ಹರಿದು ಆಕಾರಗೆಟ್ಟವನ್ನೆಲ್ಲ ನನ್ನ ತಟ್ಟೆಗೇ ಹಾಕುತ್ತಿದ್ದರು. ತಿಂದೆ. ಶಾಂತಾ ಮತ್ತೆ ಹಾಡತೊಡಗಿದಳು, ಆಂಟಿ ಕೊಂಕಣಿಯಲ್ಲಿ ದನಿಗೂಡಿಸಿದರು. ಅಂಗಡಿಗೆ ಇನ್ನೂ ಜಾಗ ಸಿಕ್ಕಿರಲಿಲ್ಲ, ಗಂಟುಗಳು ಇದ್ದಲ್ಲೇ ಇದ್ದವು. ಆದರೂ ಸಂಜೆಯಾದರೆ ಮನೆಯಲ್ಲಿ ಹಬ್ಬದ ಕಳೆ. ವೈದ್ಯರು ಪಟ್ಟಿ ಬಿಚ್ಚುತ್ತ, "ಇಳಿದಿದೆ! ನಗೆ ಕ್ಲಬ್ಬಾ?" ಎಂದರು. "ರೊಟ್ಟಿ" ಎಂದೆ. ಉಪ್ಪು ಕಮ್ಮಿ ತಿನ್ನಿ ಎಂದು ಬರೆದುಕೊಟ್ಟರು.

ನಿನ್ನೆ ಸಂಜೆ ನಾನು ಪಡಸಾಲೆಯಲ್ಲಿ ಗಂಟುಗಳ ನಡುವೆ ಪೇಪರ್ ಓದುತ್ತಿದ್ದೆ. ಒಳಗಿನಿಂದ ಅವರ ಮಾತು ಕೇಳಿತು. ಆಂಟಿಯ ರೊಟ್ಟಿ ಅಂದು ಮೊದಲ ಬಾರಿಗೆ ತೆಳ್ಳಗೆ ಬಂದಿತ್ತು.

"ಅಗದೀ ಚಲೋ ಆತ್ ನೋಡ್ರಿ ಆಂಟಿ! ನಾ ಹೇಳಿಧಂಗ ಮಾಡಿದ್ರಿ ಹೌದಿಲ್ಲೋ? ಯಾರನ್ನ ನೆನಿಸ್ಕೊಂಡು ಬಡದ್ರಿ?" ಎಂದಳು ಶಾಂತಾ.

"ಹಡಗಿನ ಕ್ಯಾಪ್ಟನ್‌ನನ್ನ! ನನ್ನ ಗಂಡನಿಗೆ ರಜೆ ಕೊಡೂದಿಲ್ಲ, ದುಷ್ಟ" ಎಂದು ಆಂಟಿ ನಮ್ಮ ಕನ್ನಡಕ್ಕೆ ತಮ್ಮ ಕೊಂಕಣಿ ರಾಗ ಸೇರಿಸಿ ನಕ್ಕರು. "ನೀನು ಯಾರನ್ನ, ಶಾಂತಾಬಾಯ್? ಆ ಬಿಲ್ಡಿಂಗ್ ಮಾಲಕನನ್ನೇ?"

ನಾನು ಪೇಪರ್ ಕೆಳಗಿಳಿಸಿದೆ. ಹೌದು ಅನ್ನು ಮಾರಾಯ್ತಿ, ಮಾಲಕನನ್ನೇ ಅನ್ನು.

"ಅಯ್ಯ, ಅಂವ ಮೊನ್ನೆ ಮೊನ್ನೆ ಬಂದಾಂವ ಬಿಡ್ರಿ" ಎಂದಳು ಶಾಂತಾ. "ನಾ ಮದುವಿ ಆದಾಗಿಂದ ಒಬ್ಬರನ್ನ ನೆನಿಸ್ಕೊಂಡು ಬಡಿಯಾಕತ್ತೇನಿ. ಅಕಾ ನೋಡ್ರಿ, ಹೊರಗ ಗಂಟಿನ ನಡುವ ಪೇಪರ್ ಹಿಡಕೊಂಡು ಕುಂತಾರ."

ಇಬ್ಬರೂ ಬಿದ್ದು ಬಿದ್ದು ನಕ್ಕರು. ಸ್ವಲ್ಪ ಹೊತ್ತಿಗೆ ತಟ್ಟೆ ಬಂತು. ರೊಟ್ಟಿಯನ್ನು ಎತ್ತಿ ದೀಪಕ್ಕೆ ಹಿಡಿದೆ. ಆಚೆ ಕಡೆ ನಗುತ್ತಿರುವ ಶಾಂತಾ ಕಂಡಳು. ಎಂದಿಗಿಂತ ಎರಡು ಹೆಚ್ಚೇ ತಿಂದೆ.