ಪರೀಕ್ಷೆಗೆ ಹೂತ ಚಿನ್ನ

ನೆವಿಲ್ ಟ್ರೆಂಬತ್ ರಸ್ತೆ ಇಲಾಖೆಯಿಂದ ನಿವೃತ್ತನಾಗಿ ಮೂರು ತಿಂಗಳಾಗಿತ್ತು. ಚಿನ್ನ ಅಗೆಯಲು ಬಂದವರು ಕಟ್ಟಿದ ಕಾಕಟೂ ಫ್ಲ್ಯಾಟ್ ಊರಿನಲ್ಲಿ ನಿವೃತ್ತನಾದ ಗಂಡಸಿಗೆ ಇರುವ ದಾರಿಗಳು ಎರಡೇ. ಮನೆಯಲ್ಲಿ ಕೂತು ಹೆಂಡತಿಯ ಕೈಯಲ್ಲಿ ಅನ್ನಿಸಿಕೊಳ್ಳುವುದು, ಇಲ್ಲವೇ ಮೆಟಲ್ ಡಿಟೆಕ್ಟರ್ ಹಿಡಿದು ಕಾಡಿಗೆ ಹೋಗಿ ಚಿನ್ನ ಹುಡುಕುವುದು. ಮೊದಲನೆಯದನ್ನು ನೆವಿಲ್ ಮೂರು ತಿಂಗಳು ಮಾಡಿ ನೋಡಿದ್ದ. ಎರಡನೆಯದಕ್ಕೆ ಒಂದು ಮೆಷಿನ್ ಬೇಕಿತ್ತು. ಯಾವ ಮೆಷಿನ್ ಎಂದು ಅವನು ಬಾಯಿಬಿಟ್ಟು ಕೇಳಿದ್ದೇ ತಪ್ಪಾಯಿತು.

ಆ ಊರಿನಲ್ಲಿ ಒಬ್ಬರನ್ನು ಕೇಳಿದರೆ ಐವರು ಉತ್ತರ ಕೊಡುತ್ತಾರೆ. ಎಡಗಡೆ ಬೇಲಿಯಾಚೆಯ ಕ್ಲಾರಿ ಹಾಕಿಂಗ್ ತನ್ನ ಹನ್ನೆರಡು ವರ್ಷದ ಹಳೆಯ, ಕರುವಿನಷ್ಟು ಭಾರದ ಮೆಷಿನ್ನೇ ಎಲ್ಲಕ್ಕಿಂತ ಮೇಲು ಎಂದು ಆಣೆಯಿಟ್ಟು ಹೇಳುವವನು. ಬಲಗಡೆ ಬೇಲಿಯಾಚೆಯ ಗ್ವೆಂಡಾ ಪಾಸ್ಕೋ ಊರಿನ ಪುಟ್ಟ ಮ್ಯೂಸಿಯಂ ನೋಡಿಕೊಳ್ಳುವವಳು. ಅವಳಿಗೆ ಚಿನ್ನಕ್ಕಿಂತ ಹಳೇ ಪೊಲೀಸರ ಅಂಗಿಗುಂಡಿ, ಬೆಲ್ಟಿನ ಬಕ್ಕಲ್ ಇಂಥವೇ ಪ್ರಾಣ. ಅವಳ ಮೆಷಿನ್ ಹಗುರ. ಕಬ್ಬಿಣ ಸಿಕ್ಕರೆ ಅದು ಬಾಯಿ ಮುಚ್ಚಿಕೊಂಡಿರುತ್ತದೆ. ಇವರಿಬ್ಬರ ನಡುವೆ ನಜ್ಜುಗುಜ್ಜಾದ ನೆವಿಲ್ ಪೇಟೆಯ ಅಂಗಡಿಯಿಂದ ಹೊಚ್ಚ ಹೊಸದೊಂದನ್ನು ಒಂದು ದಿನದ ಮಟ್ಟಿಗೆ ತಂದಿದ್ದ. ಶನಿವಾರ ನಾಲ್ಕು ಗಂಟೆಯೊಳಗೆ ಅದನ್ನು ವಾಪಸ್ ಕೊಡಬೇಕು, ಇಲ್ಲವೇ ಕೊಳ್ಳಬೇಕು.

ಶನಿವಾರ ಬೆಳಿಗ್ಗೆ ಹೆಂಡತಿ ಲೋರ್ನಾ ಹೊರಟು ನಿಂತಳು. ಅಂದು ಸಂಜೆ ಊರಿನ ಹಾಲ್‌ನಲ್ಲಿ ಸ್ಥಾಪಕರ ದಿನದ ಭೋಜನ.

"ಹಾಲ್‌ನಲ್ಲಿ ಮೇಜು ಜೋಡಿಸಿ, ಕೂದಲು ಮಾಡಿಸ್ಕೊಂಡು ನಾಲ್ಕೂವರೆಗೆ ಬರ್ತೀನಿ. ಅಲ್ಲೀವರೆಗೂ ಏನೂ ಮಾಡ್ಬೇಡ, ನೆವಿಲ್."

"ಏನೂ ಮಾಡಲ್ಲ."

"ಅದನ್ನೇ ಸರಿಯಾಗಿ ಮಾಡು" ಎಂದು ಹೇಳಿ ಕಾರು ಹತ್ತಿದಳು. ಕಾರು ಮೂಲೆ ತಿರುಗುವುದನ್ನೇ ಕಾಯುತ್ತಿದ್ದವನಂತೆ ಕ್ಲಾರಿ ಬೇಲಿ ದಾಟಿ ಬಂದ. ನೆವಿಲ್ ಒಂದು ಸೀಸದ ಗುಂಡನ್ನು ಹೂತು ಮೆಷಿನ್‌ಗಳನ್ನು ಪರೀಕ್ಷಿಸಲು ಹೊರಟಿದ್ದ.

"ಲೋ, ಸೀಸ ಹೂತು ಚಿನ್ನದ ಮೆಷಿನ್ ಟೆಸ್ಟ್ ಮಾಡ್ತಾರೇನೋ? ನಿನ್ನ ರಸ್ತೆಗಳೆಲ್ಲ ಯಾಕೆ ಹಂಗಿದ್ವು ಅಂತ ಈಗ ಗೊತ್ತಾಯ್ತು. ಚಿನ್ನ ತಗೊಂಬಾ."

ಮನೆಯಲ್ಲಿದ್ದ ಚಿನ್ನ ಎರಡೇ. ಒಂದು ನೆವಿಲನ ಮದುವೆಯ ಉಂಗುರ. ಅದು ಹದಿನೈದು ವರ್ಷದಿಂದ ಬೆರಳು ಬಿಟ್ಟು ಬಂದಿರಲಿಲ್ಲ, ಸೋಪು ಹಚ್ಚಿದರೂ ಬರಲಿಲ್ಲ. ಇನ್ನೊಂದು ಲೋರ್ನಾಳ ಗಟ್ಟಿ. ಅವಳ ಮುತ್ತಜ್ಜ ಸೈಲಾಸ್ ಈ ಊರಿನ ಮಣ್ಣಿನಲ್ಲಿ ಮೊದಲ ದಿನವೇ ಎತ್ತಿದ, ಹೆಬ್ಬೆರಳಿನ ತುದಿಯಷ್ಟಿದ್ದ ಚಿನ್ನದ ಗಟ್ಟಿ ಅದು. ವರ್ಷಕ್ಕೊಮ್ಮೆ ಸ್ಥಾಪಕರ ದಿನ ಲೋರ್ನಾ ಅದನ್ನು ನೀಲಿ ಮಖಮಲ್ಲಿನ ದಿಂಬಿನ ಮೇಲಿಟ್ಟುಕೊಂಡು ರಾಣಿಯಂತೆ ಹಾಲ್‌ನೊಳಗೆ ನಡೆದು ಬರುತ್ತಾಳೆ. ಊರೆಲ್ಲ ಎದ್ದು ನಿಲ್ಲುತ್ತದೆ. ಉಳಿದ ದಿನ ಅದು ಅವಳ ಡ್ರಾಯರ್‌ನಲ್ಲಿರುತ್ತದೆ.

ನೆವಿಲ್ ಅದನ್ನು ಮುಟ್ಟಿ ಮೂವತ್ತು ವರ್ಷವಾಗಿತ್ತು. ಮದುವೆಯಾದ ಹೊಸದರಲ್ಲಿ ಅದನ್ನು ಪಬ್ಬಿಗೆ ಒಯ್ದು, ಚಿನ್ನ ಎಷ್ಟು ಬೇಗ ಮುಳುಗುತ್ತದೆ ಎಂದು ತೋರಿಸಲು ಒಬ್ಬನ ಬಿಯರ್ ಗ್ಲಾಸಿಗೆ ಹಾಕಿದ್ದ. ಕುರಿ ಉಣ್ಣೆ ಕತ್ತರಿಸುವ ಆ ಮನುಷ್ಯ ಗ್ಲಾಸನ್ನು ಒಂದೇ ಗುಟುಕಿಗೆ ಖಾಲಿ ಮಾಡಿದ. ಗಟ್ಟಿ ಮನೆಗೆ ಮರಳಲು ಮೂರು ದಿನ ಬೇಕಾಯಿತು. ಅಂದಿನಿಂದ ಡ್ರಾಯರ್ ಹತ್ತಿರ ಸುಳಿದರೆ ಕೈ ಮುರಿಯುತ್ತೇನೆ ಎಂದು ಲೋರ್ನಾ ಹೇಳಿದ್ದಳು. ಅವಳು ಹೇಳಿದಂತೆ ಮಾಡುವವಳು.

"ಹತ್ತು ನಿಮಿಷದ ಕೆಲ್ಸ. ಅವಳಿಗೆ ಹೆಂಗ್ ಗೊತ್ತಾಗುತ್ತೆ?" ಎಂದ ಕ್ಲಾರಿ. ಕೈ ಮುರಿಸಿಕೊಳ್ಳಬೇಕಾದವನು ಅವನಲ್ಲವಲ್ಲ.

ನೆವಿಲ್ ಡ್ರಾಯರ್ ತೆಗೆದ. ಅಂದು ಇನ್ನೂ ಭಾರವಾಗಿತ್ತಲ್ಲ ಎನಿಸಿತು. ಆಮೇಲೆ ಅಷ್ಟು ವರ್ಷ ಗುದ್ದಲಿ ಎತ್ತಿದ ಕೈಗೆ ಚಿನ್ನವೂ ಹಗುರವೇ ಎಂದು ಒಳಗೊಳಗೇ ಹೆಮ್ಮೆಪಟ್ಟುಕೊಂಡ. ಮಣ್ಣಾಗಬಾರದೆಂದು ಅದನ್ನು ಹತ್ತಿಯಲ್ಲಿ ಸುತ್ತಿ ಬೆಂಕಿಪೊಟ್ಟಣದೊಳಗಿಟ್ಟ. ಕ್ಲಾರಿ ಪೊಟ್ಟಣವನ್ನು ಅಂಗೈಯಲ್ಲಿ ತೂಗಿ ಕಣ್ಣು ಮುಚ್ಚಿದ.

"ಆಹಾ! ಅಸಲಿ ಚಿನ್ನದ ಭಾರ ಕೈಗೆ ಸುಳ್ಳು ಹೇಳಲ್ಲ ಕಣೋ. ತಿರುಗಿ ನಿಂತ್ಕೊ. ನಾನು ಹೂಳ್ತೀನಿ."

"ನಾನೇ ಹೂತ್ರೆ?"

"ಜಾಗ ಗೊತ್ತಿದ್ರೆ ನಿನ್ನ ಕಿವಿ ಬೇಕಾದ್ದನ್ನ ಕೇಳಿಸ್ಕೊಳ್ಳುತ್ತೆ. ಪರೀಕ್ಷೆ ಅಂದ್ರೆ ಪರೀಕ್ಷೆ."

ನೆವಿಲ್ ಗೋಡೆಗೆ ಮುಖ ಮಾಡಿ ನಿಂತ. ಹಿತ್ತಲಿನಲ್ಲಿ ಗುದ್ದಲಿಯ ಸದ್ದು ಕೇಳಿಸಿತು. ಕ್ಲಾರಿ ನಾಲ್ಕು ಕಡೆ ಮಣ್ಣು ಕೆದಕಿ ಗುರುತು ಸಿಗದಂತೆ ಮಾಡಿದ. ಅಷ್ಟರಲ್ಲಿ ಗ್ವೆಂಡಾ ತನ್ನ ಮೆಷಿನ್ ಸಮೇತ ಬಂದಳು. ಏನು ಹೂತಿದ್ದಾರೆಂದು ಕೇಳಿದಳು, ಲೋರ್ನಾಳ ಗಟ್ಟಿ ಎಂದು ತಿಳಿದಾಗ ಒಂದು ಕ್ಷಣ ನೆವಿಲನ ಮುಖವನ್ನೇ ನೋಡಿದಳು.

"ಡ್ರಾಯರ್‌ನಲ್ಲಿದ್ದದ್ದಾ?"

"ಹೂಂ. ಯಾಕೆ?"

"ಏನಿಲ್ಲಪ್ಪ. ಹುಡುಕೋಣ ಬಿಡು" ಎಂದು ತೋಳು ಮಡಚಿಕೊಂಡಳು.

ಮೊದಲ ಸರದಿ ಹೊಸ ಮೆಷಿನ್ನಿನದು. ಅದು ಹಿತ್ತಲಿನುದ್ದಕ್ಕೂ ಮೌನವಾಗಿ ನಡೆದು ಕೊನೆಗೆ ಕೋಳಿಗೂಡಿನ ಹತ್ತಿರ ಬಂದಾಗ ಮಧುರವಾಗಿ, ತುಂಬು ಕಂಠದಲ್ಲಿ ಕೂಗಿತು.

"ಅಲ್ಲಿ ನಾನು ಕಾಲೇ ಇಟ್ಟಿಲ್ಲ! ಗೂಡಿನ ಮೊಳೆಗೂ ಚಿನ್ನಕ್ಕೂ ವ್ಯತ್ಯಾಸ ಗೊತ್ತಿಲ್ಲ ನೋಡು ನಿನ್ನ ಹೊಸಾ ಮೆಷಿನ್‌ಗೆ" ಎಂದು ಕ್ಲಾರಿ ಹೊಟ್ಟೆ ಹಿಡಿದುಕೊಂಡು ನಕ್ಕ.

ನೆವಿಲ್ ಮತ್ತೆ ಸುತ್ತು ಬಂದ. ಮತ್ತೆ ಎಲ್ಲೆಡೆ ಮೌನ, ಮತ್ತೆ ಕೋಳಿಗೂಡಿನ ಬಳಿ ಅದೇ ಹಾಡು. ನಾಲ್ಕು ಸಲವೂ ಹಾಗೆಯೇ. ಹೇಂಟೆಗಳು ಕೂಡ ಬೇಸರದಿಂದ ಎದ್ದು ಹೋದವು.

ಎರಡನೆಯ ಸರದಿ ಗ್ವೆಂಡಾಳದು. ಅವಳ ಮೆಷಿನ್ ನೇರವಾಗಿ ಲೋರ್ನಾಳ ಡೇಲಿಯಾ ಪಾತಿಯ ನಡುವೆ ಹೋಗಿ ಕುಂಯ್ ಎಂದಿತು. ನೆವಿಲ್ ಬೇಡ ಬೇಡ ಎನ್ನುವಷ್ಟರಲ್ಲಿ ಎರಡು ಗಿಡ ಮಗುಚಿ ಬಿದ್ದವು.

"ಕುದುರೆ ಪೊಲೀಸರ ಅಂಗಿಗುಂಡಿ! ಕಿರೀಟದ ಅಚ್ಚು ಕೂಡ ಹಾಗೇ ಇದೆ ನೋಡು!" ಎಂದು ಗ್ವೆಂಡಾ ಕುಣಿದಳು.

"ಗ್ವೆಂಡಾ, ನಾವು ಹುಡುಕ್ತಿರೋದು ಚಿನ್ನ!"

"ಹುಡುಕ್ತಿದೀನಲ್ಲಪ್ಪ. ದಾರೀಲಿ ಸಿಕ್ಕಿದ್ದನ್ನ ಬಿಟ್ಟು ಹೋಗೋಕಾಗುತ್ತಾ?"

ಮೂರನೆಯದು ಕ್ಲಾರಿಯ ಮೆಷಿನ್. ಅದು ಹೆಜ್ಜೆಗೊಮ್ಮೆ ಕಿರುಚಿತು. ಅಗೆದಲ್ಲೆಲ್ಲ ಬಿಯರ್ ಬಾಟಲಿಯ ಮುಚ್ಚಳಗಳು. ಮೂವತ್ತೆರಡು ವರ್ಷ ಪ್ರತಿ ಸಂಜೆ ನೆವಿಲ್ ಜಗಲಿಯ ಮೇಲೆ ಕೂತು ಬೆರಳಿನಿಂದ ಚಿಮ್ಮಿದ ಮುಚ್ಚಳಗಳೆಲ್ಲ ತುಕ್ಕು ಹಿಡಿದು, ಸಾಕ್ಷಿ ಹೇಳಲು ಒಂದೊಂದಾಗಿ ಮೇಲೆದ್ದು ಬಂದವು. ಅವನ್ನು ತುಂಬಲು ನೆವಿಲ್ ಕೈಗಾಡಿ ಎಳೆದು ತಂದ. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಗಾಡಿ ಅರ್ಧ ತುಂಬಿತ್ತು, ಗಟ್ಟಿಯ ಸುಳಿವಿರಲಿಲ್ಲ.

"ಸಾಕು ಕಣೋ ಈ ಪರೀಕ್ಷೆ. ಎಲ್ಲಿ ಹೂತೆ ಹೇಳು" ಎಂದ ನೆವಿಲ್.

ಕ್ಲಾರಿ ಮೀಟ್ ಪೈಯ ಕೊನೆಯ ತುಂಡನ್ನು ಬಾಯಿಗೆ ಹಾಕಿಕೊಂಡು ಎದ್ದ. ಅದು ಲೋರ್ನಾ ನೆವಿಲನಿಗೆಂದು ಇಟ್ಟು ಹೋಗಿದ್ದ ಪೈ. "ಬಹಳ ಸುಲಭ. ಕೈಗಾಡಿಯಿಂದ ನಿಂಬೆಗಿಡದ ಕಡೆ ಏಳು ಹೆಜ್ಜೆ."

"ಯಾವ ಕೈಗಾಡಿ?"

"ನಿನ್ನದೇ. ಅಲ್ಲಿ ನಿಂತಿತ್ತಲ್ಲ…" ಎಂದು ಕ್ಲಾರಿ ಮೊದಲು ಒಂದು ಕಡೆ, ಆಮೇಲೆ ಇನ್ನೊಂದು ಕಡೆ ಬೆರಳು ತೋರಿಸಿದ. ಎರಡೂ ಕಡೆ ಈಗ ಏನೂ ಇರಲಿಲ್ಲ. ಗಾಡಿ ಇಡೀ ಹಿತ್ತಲು ಸುತ್ತಿ ಈಚೆ ಮೂಲೆಯಲ್ಲಿ ನಿಂತಿತ್ತು.

"ಓಡಾಡೋ ಗಾಡೀನ ಗುರುತು ಇಟ್ಕೋತಾರೇನೋ, ಮಂಕೇ!"

"ನೀನ್ಯಾಕೋ ಅದನ್ನ ಸರಿಸ್ದೆ? ಪರೀಕ್ಷೆ ನಡೀತಿರೋವಾಗ ಸಾಮಾನು ಸರಿಸ್ಬಾರ್ದು ಅಂತ ಗೊತ್ತಾಗಲ್ವಾ?"

ನೀಲಿ ದಿಂಬು ಖಾಲಿ ಇಟ್ಟುಕೊಂಡು ಲೋರ್ನಾ ಹಾಲ್‌ನೊಳಗೆ ಬರುವುದು, ಎದ್ದು ನಿಂತ ಊರು ಹಾಗೇ ತನ್ನತ್ತ ತಿರುಗುವುದು ನೆವಿಲನ ಕಣ್ಣಮುಂದೆ ಬಂತು. ಗುದ್ದಲಿ ಕಿತ್ತುಕೊಂಡು ಹುಚ್ಚನಂತೆ ಅಗೆಯತೊಡಗಿದ. ಕ್ಲಾರಿ ಸಲಹೆ ಕೊಟ್ಟ. ಗ್ವೆಂಡಾ ಟೊಮೆಟೊ ಪಾತಿಯಲ್ಲಿ ಇನ್ನೂ ಮೂರು ಅಂಗಿಗುಂಡಿ, ಒಂದು ಬಕ್ಕಲ್ ಸಂಪಾದಿಸಿದಳು. ಬಟ್ಟೆ ಒಣಗಿಸುವ ಕಂಬ ಒಂದು ಕಡೆ ವಾಲಿತು. ಮೂರೂವರೆಗೆ ಆ ಹಿತ್ತಲನ್ನು ಮುತ್ತಜ್ಜ ಸೈಲಾಸ್ ನೋಡಿದ್ದರೆ, ತನ್ನ ಕಾಲ ಮರಳಿ ಬಂತೆಂದು ಡೇರೆ ಹೊಡೆಯುತ್ತಿದ್ದ. ಕೋಳಿಗೂಡಿನ ಬುಡ ಒಂದನ್ನು ಬಿಟ್ಟು ಅಗೆಯದ ಜಾಗವಿರಲಿಲ್ಲ.

ಆಗ ನಿಂಬೆಗಿಡದ ಆಚೆ ಪಕ್ಕದಲ್ಲಿ ಕ್ಲಾರಿಯ ಮೆಷಿನ್ ಇನ್ನೊಮ್ಮೆ ಕಿರುಚಿತು. ನೆವಿಲ್ ಆಸೆಯಿಲ್ಲದೆ ಗುದ್ದಲಿ ಹಾಕಿದ. ಒಂದು ಬಿಯರ್ ಮುಚ್ಚಳ ಬಂತು, ಅದಕ್ಕೆ ಅಂಟಿಕೊಂಡಂತೆ ಬೆಂಕಿಪೊಟ್ಟಣವೂ ಬಂತು! ಮುಚ್ಚಳವನ್ನು ಅತ್ತ ಎಸೆದು, ಪೊಟ್ಟಣ ತೆರೆದು ನೋಡಿದ. ಹತ್ತಿಯೊಳಗೆ ಗಟ್ಟಿ ಹಳದಿಯಾಗಿ ನಗುತ್ತಿತ್ತು. ನೆವಿಲನ ಕಣ್ಣಲ್ಲಿ ನೀರು ಬಂತು.

"ಹೇಳ್ಲಿಲ್ವಾ? ನನ್ನ ಮುದುಕ ಹಿಡಿದುಕೊಟ್ಟ!" ಎಂದು ಕ್ಲಾರಿ ತನ್ನ ಮೆಷಿನ್ನಿಗೆ ಮುತ್ತಿಟ್ಟ. "ನಿನ್ನ ಹೊಸ ರಾಜಕುಮಾರ ಇದರ ಮೇಲೇ ನಾಲ್ಕು ಸಲ ಹೋದ. ಕಮಕ್ ಕಿಮಕ್ ಅನ್ಲಿಲ್ಲ. ಬರೀ ಕೋಳಿ ಮೊಳೆಗೆ ಹಾಡು ಹೇಳ್ದ."

ಕಣ್ಣಾರೆ ಕಂಡ ಮೇಲೆ ಇನ್ನೇನು ಬೇಕು? ಅಲ್ಲೇ ವ್ಯವಹಾರ ಮುಗಿಯಿತು. ಕ್ಲಾರಿಯ ಮೆಷಿನ್ ನೆವಿಲನಿಗೆ, ನೆವಿಲನ ಮೀನು ಹಿಡಿಯುವ ತಗಡಿನ ದೋಣಿ ಕ್ಲಾರಿಗೆ. ಸ್ನೇಹದ ಲೆಕ್ಕದಲ್ಲಿ ಹೊಸ ಮೆಷಿನ್ನನ್ನು ಅಂಗಡಿಗೆ ಮುಟ್ಟಿಸುವ ಕೆಲಸವನ್ನೂ ಕ್ಲಾರಿ ತಾನೇ ವಹಿಸಿಕೊಂಡು ಹೊರಟ. ಗ್ವೆಂಡಾ ನಾಲ್ಕು ಗುಂಡಿ, ಒಂದು ಬಕ್ಕಲ್ ಜೇಬಿಗಿಳಿಸಿ, "ಮ್ಯೂಸಿಯಂಗೆ ನಿನ್ನ ಹೆಸರಲ್ಲಿ ಇಡ್ತೀನಿ, ನೆವಿಲ್" ಎಂದು ಬೆನ್ನು ತಟ್ಟಿ ಜಾಗ ಖಾಲಿ ಮಾಡಿದಳು. ನೆವಿಲ್ ಗಟ್ಟಿಯನ್ನು ಅಂಗಿಯ ತುದಿಯಿಂದ ಅವಸರದಲ್ಲಿ ಒರೆಸಿ ಡ್ರಾಯರ್‌ಗೆ ಸೇರಿಸಿದ.

ನಾಲ್ಕೂವರೆಗೆ ಲೋರ್ನಾ ಹೊಸ ಕೂದಲಿನೊಂದಿಗೆ ಹಿತ್ತಲ ಬಾಗಿಲಿಗೆ ಬಂದಳು. ನೆವಿಲ್ "ಆಲೂಗಡ್ಡೆ ಹಾಕೋಣ ಅಂತ…" ಎಂದು ಶುರುಮಾಡಿದ. ಅವಳು ಬೈಯಲಿಲ್ಲ. ಮುಖ ಬಿಳಿಚಿಕೊಂಡಿತು, ಕೈಯಲ್ಲಿದ್ದ ಚೀಲ ಬಿತ್ತು. ಹೊಂಡಗಳನ್ನು ಹಾರುತ್ತ ಕೋಳಿಗೂಡಿಗೆ ಓಡಿ, ಮೊಣಕಾಲೂರಿ, ಹೇಂಟೆಗಳು ಮೊಟ್ಟೆಯಿಡುವ ಪೆಟ್ಟಿಗೆಯನ್ನು ಸರಿಸಿ ಕೈಯಿಂದಲೇ ಮಣ್ಣು ಬಗೆದಳು. ಟೀ ಪುಡಿಯ ಹಳೇ ಪ್ಲಾಸ್ಟಿಕ್ ಡಬ್ಬಿಯೊಂದು ಹೊರಬಂತು. ಮುಚ್ಚಳ ತೆಗೆದು ನೋಡಿ ಎದೆಗೊತ್ತಿಕೊಂಡಳು.

"ದೇವ್ರು ದೊಡ್ಡೋನು! ಇದೊಂದು ಜಾಗ ಬಿಟ್ಟಿದ್ದೀಯ."

ಡಬ್ಬಿಯೊಳಗೆ ಒಂದು ಗಟ್ಟಿ ಇತ್ತು. ನೆವಿಲ್ ಅದನ್ನು ನೋಡಿದ. ಮನೆಯ ಕಡೆ ನೋಡಿದ. ಮತ್ತೆ ಡಬ್ಬಿ ನೋಡಿದ.

"ಮತ್ತೆ… ಡ್ರಾಯರ್‌ನಲ್ಲಿರೋದು?"

"ಅದು ಪ್ಲಾಸ್ಟರ್ ಕಣಯ್ಯ. ಆ ಕುಡುಕನ ಹೊಟ್ಟೆಯಿಂದ ಇದು ಹೊರಗೆ ಬಂದ ವಾರವೇ ಗ್ವೆಂಡಾ ಹತ್ರ ಅಚ್ಚು ಹಾಕಿಸಿ ಬಣ್ಣ ಹೊಡೆಸಿದ್ದೆ. ನಿನ್ನಂಥೋನು ಮನೇಲಿರೋವಾಗ ಅಸಲಿನ ಡ್ರಾಯರ್‌ನಲ್ಲಿ ಇಡ್ತಾರಾ? ವರ್ಷಾ ವರ್ಷಾ ನೀನು ಸ್ನಾನಕ್ಕೆ ಹೋದಾಗ ಅಗೆದು ತೆಗೀತೀನಿ." ಅವಳ ಕಣ್ಣು ಕಿರಿದಾಯಿತು. "ಡ್ರಾಯರ್‌ನಲ್ಲಿರೋದು ನಿನಗ್ಯಾಕಯ್ಯಾ?"

ಪ್ಲಾಸ್ಟರಿನ ಮೇಲೆ ಮೌನವಾಗಿ ನಡೆದುಹೋಗಿ, ಅಸಲಿ ಚಿನ್ನದ ಮೇಲೆ ನಾಲ್ಕು ಸಲ ಹಾಡಿದ ಹೊಸ ಮೆಷಿನ್ನು ನೆವಿಲನ ಕಿವಿಯಲ್ಲಿ ಕೂಗುತ್ತಿತ್ತು. ಅಷ್ಟೇ ಅಲ್ಲ, ಬೇಲಿಯಾಚೆಯಿಂದಲೂ ಕೂಗುತ್ತಿತ್ತು. ಲೋರ್ನಾ ಡಬ್ಬಿ ಹಿಡಿದು ದಡದಡನೆ ಒಳಗೆ ಹೋದಳು. ಬೇಲಿಯ ಮೇಲೆ ಕ್ಲಾರಿಯ ತಲೆ ಕಾಣಿಸಿತು. ಕೊರಳಲ್ಲಿ ಹೊಸ ಮೆಷಿನ್ನಿನ ಪಟ್ಟಿ ನೇತಾಡುತ್ತಿತ್ತು.

"ವಾಪಸ್ ಕೊಡ್ಲಿಲ್ವೇನೋ ಅದನ್ನ?"

"ಕೊಡೋಕೇ ಹೋಗಿದ್ದೆ. ನನ್ನ ಮುದುಕನ್ನ ನಿನಗೆ ಕೊಟ್ಬಿಟ್ನಲ್ಲ, ಮನೇಲಿ ಒಂದಾದ್ರೂ ಇರ್ಲಿ ಅಂತ ಇದನ್ನೇ ತಗೊಂಡೆ." ಕ್ಲಾರಿ ದನಿ ತಗ್ಗಿಸಿದ. "ಒಂದ್ ವಿಷ್ಯ ಹೇಳ್ತೀನಿ ಕೇಳು, ನೆವ್. ಆ ಕೋಳಿಗೂಡಿನ ಹತ್ರ ಇದು ಹಾಡಿದ್ದು ಮೊಳೆ ಸದ್ದಲ್ಲ ಕಣೋ. ಬೆಳಿಗ್ಗೇನೇ ಗೊತ್ತಾಗಿತ್ತು ನನಗೆ. ಲೋರ್ನಾ ಊಟಕ್ಕೆ ಹೋದ್ಮೇಲೆ ಅಲ್ಲಿ ಒಂದ್ಸಲ ಅಗೆದು ನೋಡೋಣ, ಅರ್ಧ ನಿನಗೆ, ಅರ್ಧ ನನಗೆ."

ಒಳಗೆ ಡ್ರಾಯರ್ ಎಳೆದ ಸದ್ದು ಕೇಳಿಸಿತು. ಬೆಂಕಿಪೊಟ್ಟಣದ ಹತ್ತಿ ಇನ್ನೂ ಆ ಪ್ಲಾಸ್ಟರ್ ಗಟ್ಟಿಗೆ ಅಂಟಿಕೊಂಡಿರುವುದು ನೆವಿಲನಿಗೆ ಆಗ ನೆನಪಾಯಿತು.

"ನೆವಿಲ್!"

ಅವನು ಹೊಂಡ ಮುಚ್ಚಲು ಅವಸರದಿಂದ ಗುದ್ದಲಿ ಎತ್ತಿದ. ನಿಂಬೆಗಿಡಕ್ಕೆ ಒರಗಿಸಿದ್ದ ಅವನ ಸ್ವಂತ ಮೆಷಿನ್, ಗುದ್ದಲಿ ಹತ್ತಿರ ಬಂದದ್ದೇ ತಡ, ಚಿನ್ನ ಸಿಕ್ಕಿತೆಂದು ಊರಿಗೆಲ್ಲ ಕೇಳುವಂತೆ ಕಿರುಚಿತು.