ಮಾವನವರ ವಾಚು ನನ್ನ ಕೈಗೆ ಬಂದ ಮೇಲೆ

ನಮ್ಮ ಮನೆಯಲ್ಲಿ ಒಂದು ವಸ್ತು ಕೆಟ್ಟರೆ ಅದೊಂದೇ ಕೆಡುವುದಿಲ್ಲ, ಮನೆಮಂದಿಯ ತಲೆಯೂ ಕೆಡುತ್ತದೆ. ಮಿಕ್ಸಿ ಕೆಟ್ಟಾಗ ಹಾಗಾಯಿತು, ಬೋರಿನ ಮೋಟಾರು ಕೆಟ್ಟಾಗ ಹಾಗಾಯಿತು. ಹೋದ ವರ್ಷ ವಾಚಿನ ಸರದಿ.

ವಾಚು ನಮ್ಮ ಮಾವನವರದು, ದಿನಾ ಕೀ ಕೊಡುವ ಹಳೇ ಕಾಲದ್ದು. ಕ್ಯಾಲನೂರಿನ ಪಕ್ಕದ ನಮ್ಮೂರಿನ ಹಾಲಿನ ಡೈರಿಗೆ ಅವರು ಮೂವತ್ತು ವರ್ಷ ಸೆಕ್ರೆಟರಿಯಾಗಿದ್ದರು. ಅವರು ಹಾಸಿಗೆ ಹಿಡಿದಾಗ ಕಮಿಟಿಯವರು ಆ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ವಾಚೂ ಅದೇ ತಿಂಗಳು ನಿಂತುಹೋಯಿತು. ತೀರಿಕೊಳ್ಳುವ ಹಿಂದಿನ ವಾರ ಮಾವನವರು ನನ್ನನ್ನು ಕರೆದು ಅದನ್ನು ಕೈಗೆ ಹಾಕಿದರು. ಗಂಡುಮಕ್ಕಳಿಬ್ಬರೂ ಮಂಚದ ಆಚೆ ಈಚೆ ನಿಂತಿದ್ದರು.

"ಇದು ನಿಂಗೇ ಕಣಮ್ಮ. ಇವರಿಬ್ರೂ ಒಂದಿನ ಆದ್ರೂ ಹೊತ್ತಿಗೆ ಸರಿಯಾಗಿ ಎದ್ದಿದ್ದಿದ್ರೆ ಇವರಿಗೇ ಕೊಡ್ತಿದ್ದೆ."

ಸೊಸೆಯಾಗಿ ಬಂದ ಹದಿನೆಂಟು ವರ್ಷದಲ್ಲಿ ಆ ಮನೆಯವರು ಇದು ನಿನ್ನದು ಎಂದು ಕೊಟ್ಟ ಮೊದಲ ವಸ್ತು ಅದು. ಯಾರು ಏನೇ ಹೇಳಲಿ, ಬಿಟ್ಟುಕೊಡುವ ಮನಸ್ಸು ನನಗಿರಲಿಲ್ಲ.

ಮೂರು ಅಭಿಪ್ರಾಯ

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ಜಗಲಿಯಲ್ಲಿ ಮಾತು ಶುರುವಾಯಿತು. ಮೈದುನ ಮಾಲೂರಿನಲ್ಲಿದ್ದಾನೆ, ದಿನಾ ರೈಲು ಹತ್ತಿ ಕೆಲಸಕ್ಕೆ ಹೋಗುವವನು. ರೈಲಿನಲ್ಲಿ ಎರಡು ಗಂಟೆ ಮೊಬೈಲು ನೋಡುವುದರಿಂದ ಅವನಿಗೆ ಗೊತ್ತಿಲ್ಲದ ವಿಷಯವೇ ಇಲ್ಲ.

"ಅತ್ತಿಗೆ, ಇಂಥ ವಾಚಿಗೆ ಈಗ ಭಾರೀ ರೇಟು. ಮಾರಿಬಿಡೋಣ" ಎಂದ.

ನಮ್ಮ ಯಜಮಾನರು, "ಮಾರೋದು ಬೇಡ, ರಿಪೇರಿ ಮಾಡ್ಸಿ ಷೋಕೇಸಲ್ಲಿ ಇಡೋಣ" ಎಂದರು. ನಮ್ಮ ಮನೆಯಲ್ಲಿ ಷೋಕೇಸೇ ಇಲ್ಲ.

ನಾನು, "ರಿಪೇರಿ ಮಾಡ್ಸಿ ಕಟ್ಕೋತೀನಿ" ಎಂದೆ.

ಮೂವರೂ ಅತ್ತೆಯ ಮುಖ ನೋಡಿದೆವು. ಅವರು ಅವರೆಕಾಯಿ ಬಿಡಿಸುತ್ತಾ ಕೂತಿದ್ದರು, ತಲೆ ಎತ್ತಲಿಲ್ಲ. "ಅದೇನ್ ಮಾಡ್ತೀರೋ ಬೇಗ ಮಾಡಿ. ಅವರಿದ್ದಾಗ ಅವರ ಬಾಯಿಗೆ ಹೆದರ್ಕೊಂಡು ಒಬ್ರೂ ಮಾತಾಡ್ತಿರ್ಲಿಲ್ಲ. ಈಗ ಅವರ ವಾಚ್ ನಿಂತಿದ್ರೂ ನಿಮ್ ಬಾಯಿ ನಿಲ್ತಿಲ್ಲ."

ಹೊಟ್ಟೆಯಲ್ಲಿ ಬೂಸಾ

ಕೋಲಾರದ ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬರು ವಯಸ್ಸಾದ ಸಾಹೇಬರು ಈಗಲೂ ಕೀ ಕೊಡುವ ವಾಚು ರಿಪೇರಿ ಮಾಡುತ್ತಾರೆ. ಯಜಮಾನರೂ ನಾನೂ ಹೋದೆವು. ಸಾಹೇಬರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ವಾಚಿನ ಬೆನ್ನು ಬಿಚ್ಚಿದರು. ಆಮೇಲೆ ಚಿಮಟದಿಂದ ಏನೋ ಎತ್ತಿ ಕಾಗದದ ಮೇಲಿಟ್ಟರು.

"ಅಮ್ಮಾ, ಇದು ಬೂಸಾ ಅಲ್ವಾ?"

ನೋಡಿದೆ. ಬೂಸಾನೇ. ಪಕ್ಕದಲ್ಲೇ ಒಣಗಿದ ಹಾಲಿನ ಚಕ್ಕೆ. ಮೂವತ್ತು ವರ್ಷದ ಡೈರಿ ಅದರ ಹೊಟ್ಟೆಯಲ್ಲಿತ್ತು.

"ನಲವತ್ತು ವರ್ಷ ಈ ಕೆಲಸ ಮಾಡಿದೀನಮ್ಮ, ಮೇವು ತಿನ್ನೋ ವಾಚು ಇದೇ ಮೊದಲು ನೋಡಿದ್ದು" ಎಂದರು ಸಾಹೇಬರು. ತೊಳೆದು ಎಣ್ಣೆ ಬಿಟ್ಟರೆ ಓಡುತ್ತದೆ, ಯಂತ್ರ ಕಲ್ಲಿನ ಹಾಗಿದೆ ಎಂದು ಧೈರ್ಯ ಹೇಳಿದರು.

ಯಜಮಾನರು ಅಷ್ಟಕ್ಕೇ ಬಿಡಲಿಲ್ಲ. "ಮುಖ ಹಳದಿ ಆಗಿದೆಯಲ್ಲ ಸಾಹೇಬ್ರೆ, ಹೊಸ ಡಯಲ್ ಹಾಕ್ಬಿಡಿ, ಪಾಲಿಷೂ ಮಾಡ್ಬಿಡಿ."

ಸಾಹೇಬರು ಭೂತಗನ್ನಡಿ ತೆಗೆದು ಅವರನ್ನೇ ನೋಡಿದರು. "ಬೇಡ ಸಾರ್. ವಯಸ್ಸಾದ ಮುಖಕ್ಕೆ ಬಣ್ಣ ಹಚ್ಚಿದ್ರೆ ಯಾರೂ ಮೋಸ ಹೋಗಲ್ಲ, ಇದ್ದ ಬೆಲೇನೂ ಹೋಗುತ್ತೆ."

ಆ ಮಾತು ವಾಚಿನ ಬಗ್ಗೆಯೇ. ಆದರೆ ಹಿಂದಿನ ದಿನ ಮೀಸೆಗೆ ಡೈ ಹಚ್ಚಿಸಿಕೊಂಡಿದ್ದ ನಮ್ಮ ಯಜಮಾನರು ವಾಪಸ್ ಊರು ತಲುಪುವವರೆಗೂ ಬಾಯಿಗೆ ಕರ್ಚೀಫು ಅಡ್ಡ ಹಿಡಿದುಕೊಂಡೇ ಬಸ್ಸಿನಲ್ಲಿ ಕೂತಿದ್ದರು.

ಬಿಳಿ ದೊರೆ ಕೊಟ್ಟ ವಾಚು

ವಾಚು ಓಡತೊಡಗಿದ್ದು ತಿಳಿದದ್ದೇ ತಡ, ಮುಂದಿನ ಭಾನುವಾರ ಮೈದುನ ರೈಲಿನ ಸ್ನೇಹಿತರೊಬ್ಬರನ್ನು ಕರೆದುಕೊಂಡು ಬಂದ. ಹಳೇ ವಾಚು ಕೂಡಿಡುವ ಹುಚ್ಚಿನವರು, ನಯವಾದ ಮನುಷ್ಯ. ವಾಚನ್ನು ಕಿವಿಗಿಟ್ಟು ಕೇಳಿದರು, ಅಂಗೈಯಲ್ಲಿಟ್ಟು ತೂಗಿದರು. ಒಳ್ಳೆಯ ಪೀಸು, ಆದರೆ ಇಂಥದಕ್ಕೆ ಹಿಂದೆ ಒಂದು ಕಥೆ ಇದ್ದರೆ ಬೆಲೆ ಇನ್ನೂ ಏರುತ್ತದೆ ಎಂದರು.

ಬೆಲೆ ಏರುತ್ತದೆ ಎಂದಮೇಲೆ ನನ್ನ ಮೈದುನ ಸುಮ್ಮನಿರುತ್ತಾನೆಯೇ? "ಕಥೆ ಇಲ್ದೆ ಏನ್ಸಾರ್! ನಮ್ತಂದೆ ಚಿನ್ನದ ಗಣಿ ಕಡೆ ಹೋಗಿದ್ದಾಗ ಒಬ್ಬ ಬಿಳಿ ದೊರೆಯ ಪ್ರಾಣ ಉಳಿಸಿದ್ರು. ದೊರೆ ಅಲ್ಲೇ ಕೈಯಿಂದ ಬಿಚ್ಚಿ ಕೊಟ್ಟಿದ್ದು."

ಬಂದವರ ಕಣ್ಣು ಅರಳಿತು. ಇನ್ನು ವಾಚು ಹೋಯಿತು ಎಂದುಕೊಂಡೆ ನಾನು. ಅಷ್ಟರಲ್ಲಿ ಅತ್ತೆ ಕಾಫಿ ಹಿಡಿದು ಬಂದರು.

"ಯಾವ ದೊರೆಯೋ ಅದು? ನಮ್ಮಪ್ಪ ಮದ್ವೇಲಿ ವರೋಪಚಾರಕ್ಕೆ ಕೊಟ್ಟಿದ್ದು ಕಣೋ! ವಾಚ್ ಬರೋವರ್ಗೂ ಧಾರೆಗೆ ಕೂರಲ್ಲ ಅಂತ ನಿಮ್ಮಪ್ಪ ಮುಖ ಊದಿಸ್ಕೊಂಡು ಕೂತಿದ್ರು. ನಮ್ಮಪ್ಪ ಸೈಕಲ್ ತುಳ್ಕೊಂಡು ಕೋಲಾರಕ್ಕೆ ಹೋಗಿ ತಂದ್ರು. ಮುಹೂರ್ತ ಮೀರಿಹೋಗಿತ್ತು."

ಬಂದವರು ಕಾಫಿಯನ್ನೂ ವಾಚನ್ನೂ ನೋಡಿದರು. "ಹಾಗಾದ್ರೆ ಇದನ್ನ ಮಾರೋ ಹಕ್ಕು ಯಾರ್ದಮ್ಮ?" ಎಂದು ಮೆಲ್ಲಗೆ ಕೇಳಿದರು.

"ನಮ್ಮಪ್ಪ ಕೊಟ್ಟಿದ್ದು ನಮ್ಮೆಜಮಾನ್ರಿಗೆ, ಅವರು ಕೊಟ್ಟಿದ್ದು ನನ್ ಸೊಸೆಗೆ. ಅವಳು ಮಾರ್ತೀನಿ ಅಂದ್ರೆ ತಗೊಂಡೋಗಿ. ಇವನು ಮಾರೋದಾದ್ರೆ ಆ ದೊರೇನ ಮಾರ್ಕೊಳ್ಲಿ."

ಹತ್ತೇ ನಿಮಿಷ

ಮಾರನೆಯ ದಿನವೇ ವಾಚು ಕಟ್ಟಿಕೊಂಡು ಡೈರಿಗೆ ಹೋದೆ. ಮಣಿಕಟ್ಟಿಗೆ ದೊಡ್ಡದಾಗಿ ಮೊಣಕೈವರೆಗೆ ಜಾರುತ್ತಿತ್ತು, ಆದರೂ ಬಿಗುಮಾನಕ್ಕೆ ಕಡಿಮೆಯಿರಲಿಲ್ಲ. ಗಡಿಯ ಕಡೆಯಿಂದ ಮದುವೆಯಾಗಿ ಬಂದ, ಅರ್ಧ ತೆಲುಗು ಮಾತಾಡುವ ಅಜ್ಜಿಯೊಬ್ಬರು ಹಾಲು ಹಾಕುತ್ತಾ, "ಏಮಮ್ಮಾ, ಮಾಮ ವಾಚಿ ಕಟ್ಕೊಂಡ್ಬಿಟ್ಟೆ. ಇನ್ ಮಾಮನಂಗೇ ಬೈತೀಯೋ?" ಎಂದರು.

"ಬೈಯೋಕೆ ವಾಚ್ ಯಾಕಜ್ಜಿ, ಬಾಯಿ ಸಾಲ್ದಾ?" ಎಂದೆ.

ನಮ್ಮಲ್ಲಿ ಬೆಳಗಿನ ಹಾಲು ತುಂಬಿಕೊಂಡು ಹೋಗುವ ವ್ಯಾನು ಏಳೂವರೆಗೆ ಬರುತ್ತದೆ. ಏಳೂಕಾಲಿಗೆ ನಾವು ಹಾಲು ಹಿಡಿಯುವುದನ್ನು ನಿಲ್ಲಿಸಬೇಕು. ಅಲ್ಲಿಯವರೆಗೂ ನಾನು ಮೊಬೈಲು ನೋಡಿ ಕೂಗುತ್ತಿದ್ದೆ, ಜನ ಓಡಿ ಬರುತ್ತಿದ್ದರು. ಹಾಲು ಹಿಡಿದು ಬರುವವರು ಯಾರೂ ಮೊಬೈಲು ತರುವುದಿಲ್ಲ. ಒಬ್ಬರದು ಕ್ಯಾನಿನೊಳಗೆ ಮುಳುಗಿದ ಮೇಲೆ ಎಲ್ಲರಿಗೂ ಬುದ್ಧಿ ಬಂದಿದೆ.

ಆ ದಿನ ಏಳು ಐದಕ್ಕೆ ಹೊರಗೆ ಬಂದು, ಮಾವನವರ ಹಾಗೇ ಕೈ ಎತ್ತಿ ವಾಚು ನೋಡಿ, ಊರಿಗೆಲ್ಲ ಕೇಳುವಂತೆ ಕೂಗಿದೆ. "ಇನ್ನು ಹತ್ತೇ ನಿಮಿಷ! ಬೇಗ ಬನ್ನಿ!"

ಒಬ್ಬರೂ ಅಲುಗಲಿಲ್ಲ. ಎದುರು ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದವರು ಇನ್ನೊಂದು ಟೀ ಹೇಳಿದರು. ಒಬ್ಬ ಬೀಡಿ ಹಚ್ಚಿದ. ಇನ್ನೊಮ್ಮೆ ಕೂಗಿದೆ. ಮೂಲೆಮನೆಯ ಹೆಂಗಸು ಕೊಟ್ಟಿಗೆಯಿಂದಲೇ "ಆಯ್ತು ಆಯ್ತು" ಎಂದು ಎರಡನೇ ಹಸುವಿನ ಹತ್ತಿರ ಹೋಗಿ ಕೂತಳು. ವ್ಯಾನು ಬಂತು, ಅರ್ಧ ತುಂಬಿದ ಕ್ಯಾನುಗಳನ್ನು ಎತ್ತಿಕೊಂಡು ಹೋಯಿತು. ಅದರ ಧೂಳು ಅಡಗುವ ಹೊತ್ತಿಗೆ ಊರಿಗೂರೇ ಹಾಲು ಹಿಡಿದುಕೊಂಡು ನಿಧಾನವಾಗಿ ಬಂದು ಸಾಲಾಗಿ ನಿಂತಿತು.

"ವ್ಯಾನ್ ಹೋಯ್ತು! ಹತ್ತು ನಿಮಿಷ ಅಂತ ಎರಡು ಸಲ ಕೂಗಿದ್ನಲ್ಲ?" ಎಂದೆ. ಅಳುವೇ ಬಂದಿತ್ತು, ತೋರಿಸಿಕೊಳ್ಳಲಿಲ್ಲ.

ಬೀಡಿಯವನು ಮುಂದೆ ಬಂದ. "ಕೂಗ್ದೆ ಕಣಕ್ಕ. ಯಾವ್ ವಾಚ್ ನೋಡಿ ಕೂಗ್ದೆ?"

"ಇದೇ, ನಮ್ಮಾವನೋರ ವಾಚು."

"ಅದು ಇಪ್ಪತ್ ನಿಮಿಷ ಮುಂದೆ ಅಲ್ವಾ? ಅವರು ಹತ್ತು ಅಂದ್ರೆ ಅರ್ಧ ಗಂಟೆ. ನಮ್ಗೆಲ್ಲ ಗೊತ್ತಿಲ್ವಾ?"

ನನಗೆ ಗೊತ್ತಿರಲಿಲ್ಲ. ಮಾವನವರ ಕೈ ಹಿಡಿದು ಟೈಮು ನೋಡುವ ಸೊಸೆ ಯಾವ ಊರಿನಲ್ಲಿದ್ದಾಳೆ? "ಈಗ ರಿಪೇರಿ ಮಾಡ್ಸಿದೀನಿ, ಟೈಮ್ ಸರಿಯಾಗಿದೆ" ಎಂದೆ.

ಅಜ್ಜಿಗೆ ಸಿಟ್ಟು ನೆತ್ತಿಗೇರಿತು. "ಸರಿ ಮಾಡ್ಸು ಅಂತ ನಿಂಗೆ ಹೇಳಿದ್ ಯಾರಮ್ಮಾ?"

ಆ ದಿನ ಊರಿನ ಪ್ರತಿ ಮನೆಯಲ್ಲೂ ಪಾಲ್ಕೋವ. ಸಂಜೆಗೆ ಕಮಿಟಿ ಸಭೆ ಸೇರಿತು. ಮೊಬೈಲೇ ನೋಡು, ವಾಚು ತೆಗೆದಿಡು ಎಂದು ಒಬ್ಬರು ಹೇಳಿದ್ದಕ್ಕೆ ಉಳಿದವರು ಅವರನ್ನು ಕೂರಿಸಿಬಿಟ್ಟರು. ಆ ವಾಚು ನೋಡಿ ಕೂಗಿದರೇನೇ ಡೈರಿ ಡೈರಿಯಂತಿರುತ್ತದೆ, ಒಂದು ವರ್ಷದಿಂದ ಏನೋ ಕಳೆದುಕೊಂಡ ಹಾಗಿತ್ತು ಎಂದರು. ಆಮೇಲೆ ಅಧ್ಯಕ್ಷರು ಹೇಳಿದ್ದನ್ನು ಪುಸ್ತಕದಲ್ಲಿ ನನ್ನ ಕೈಯಲ್ಲೇ ಬರೆಸಿದರು: "ಸೆಕ್ರೆಟರಿಯವರು ವಾಚನ್ನು ಮಾರಕೂಡದು. ದಿನಾ ಕಟ್ಟಿಕೊಂಡು ಬರತಕ್ಕದ್ದು. ಇಪ್ಪತ್ತು ನಿಮಿಷ ಮುಂದೆ ಇಡತಕ್ಕದ್ದು. ಸಂಘದ ಅನುಮತಿಯಿಲ್ಲದೆ ಇನ್ನು ಮುಂದೆ ರಿಪೇರಿ ಮಾಡಿಸತಕ್ಕದ್ದಲ್ಲ."

ಮನೆಗೆ ಬಂದು ಎಲ್ಲವನ್ನೂ ಅತ್ತೆಗೆ ಹೇಳಿದೆ. ಅವರು ಸೆರಗು ಬಾಯಿಗಿಟ್ಟುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎಷ್ಟು ನಗು, ಎಷ್ಟು ಅಳು ಎಂದು ನನಗೆ ತಿಳಿಯಲಿಲ್ಲ.

"ಮುಂದೆ ಓಡ್ತಿದೆ, ಸರಿ ಮಾಡ್ಸಿ ಸರಿ ಮಾಡ್ಸಿ ಅಂತ ನಿಮಗ್ಯಾರ್ಗೂ ಗೊತ್ತಾಗ್ದಂಗೆ ಮೂವತ್ ವರ್ಷ ಅವರ ಹತ್ರ ಬಡ್ಕೊಂಡೆ ಕಣೇ. 'ಸುಮ್ನಿರು, ಈ ವಾಚ್ ಸರಿಹೋದ್ರೆ ಊರು ಕೆಟ್ಟೋಗುತ್ತೆ' ಅಂತಿದ್ರು. ಸೋಮಾರಿತನಕ್ಕೆ ಹೇಳ್ತಾರೆ ಅಂದ್ಕೊಂಡಿದ್ದೆ."