ಎಂಜಿನ್ನು ಬಿಚ್ಚೂದಿಲ್ಲ

ಮನುಷ್ಯ ಕೆಮ್ಮಿದರೆ 'ಎದೆ ಸೀಳಿ ನೋಡೋಣ' ಎಂದು ಯಾರೂ ಹೇಳುವುದಿಲ್ಲ. ಕಷಾಯ ಕುಡಿ ಅನ್ನುತ್ತಾರೆ, ಬಹಳವಾದರೆ ಡಾಕ್ಟರ ಹತ್ತಿರ ಹೋಗು ಅನ್ನುತ್ತಾರೆ. ಎಂಜಿನ್ನು ಕೆಮ್ಮಿದರೆ ಮಾತ್ರ ನಮ್ಮ ಜನಕ್ಕೆ ಗೊತ್ತಿರುವುದು ಒಂದೇ ಔಷಧ: 'ಬಿಚ್ಚು.' ಅದರಲ್ಲೂ ಬಿಚ್ಚುವ ಕೈ ತಮ್ಮದಲ್ಲದಿದ್ದರೆ ಈ ಔಷಧವನ್ನು ಬಹಳ ಧಾರಾಳವಾಗಿ ಕೊಡುತ್ತಾರೆ. ಹೀಗಾಗಿ ಆ ಶಬ್ದ ಕಿವಿಗೆ ಬಿದ್ದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಹುಕ್ಕೇರಿಯ ಕಚೇರಿಯಲ್ಲಿ ಕಾರಕೂನನಾಗಿದ್ದ ನಾನು ಕುರ್ಚಿ ಬಿಟ್ಟು ಟ್ರಕ್ಕು ಹತ್ತಿದ್ದು ನಮ್ಮ ಮನೆಯಲ್ಲಿ ಯಾರಿಗೂ ಸೇರಿರಲಿಲ್ಲ. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿ ಅದು. ಕೈಯಿಂದ ಕೈಗೆ ದಾಟುತ್ತ ಮೂಡಲಗಿಗೆ, ನನ್ನ ಅಂಗಳಕ್ಕೆ ಬಂದು ನಿಂತಿತ್ತು. ಬೆಲ್ಲ ಹೇರಿಕೊಂಡು ಗೋಕಾಕ, ಹುಕ್ಕೇರಿ ಕಡೆ ಹೋಗುವುದು ಅದರ ಕೆಲಸ. ಆದರೆ ಅದು ಪೆಟ್ರೋಲಿಗಿಂತ ಎಣ್ಣೆಯನ್ನೇ ಹೆಚ್ಚು ಕುಡಿಯುತ್ತಿತ್ತು. ಅದು ಬಿಡುವ ಹೊಗೆ ನೋಡಿ, ನಮ್ಮ ಹಿತ್ತಲಲ್ಲೇ ಗಾಣ ಹೂಡಿದ್ದಾರೆಂದು ತಿಳಿದು ಒಬ್ಬರು ಕಬ್ಬಿನ ಹಾಲು ಕೇಳಿಕೊಂಡು ಬಂದದ್ದೂ ಉಂಟು. ಕೊನೆಗೆ ನಾನೇ ಬೇವಿನ ಮರದ ಕೊಂಬೆಗೆ ಸರಪಳಿ ಕಟ್ಟಿ ಎಂಜಿನ್ನು ಇಳಿಸಿದೆ. ಗೋಕಾಕದ ಇಮಾಮಸಾಬ ಮಿಸ್ತ್ರಿಯ ಗ್ಯಾರೇಜಿನಲ್ಲಿ ರಜೆಯ ದಿನಗಳಲ್ಲಿ ಕೂತು ಕಲಿತ ವಿದ್ಯೆಯನ್ನೆಲ್ಲ ಅದರ ಮೇಲೆ ಸುರಿದೆ. ಪಿಸ್ಟನ್ನಿಗೆ ಹೊಸ ರಿಂಗು ಹಾಕಿದೆ, ಬೇರಿಂಗುಗಳನ್ನು ಕೆರೆದು ಕೆರೆದು ಹದಕ್ಕೆ ತಂದೆ. ಹೆಂಡತಿ ನೀಲವ್ವನ ದೊಡ್ಡ ಬೋಗುಣಿಯಲ್ಲಿ ಸೀಮೆಎಣ್ಣೆ ಸುರಿದು ನಟ್ಟು ಬೋಲ್ಟು ತೊಳೆದೆ. ಆ ಬೋಗುಣಿ ಆಮೇಲೆ ಅಡುಗೆಮನೆಗೆ ಮರಳಲಿಲ್ಲ. ನೀಲವ್ವ ಮರಳಲು ಬಿಡಲಿಲ್ಲ.

ಎಲ್ಲ ಜೋಡಿಸಿ, ಪೂಜೆ ಮಾಡಿ, ಹ್ಯಾಂಡಲು ತಿರುವಿದೆ. ಎಂಜಿನ್ನು ಚಾಲೂ ಆಯಿತು. ಹೊಗೆ ಇಲ್ಲ! ಆದರೆ ಒಳಗಿನಿಂದ ಟಕ್, ಟಕ್, ಟಕ್ ಎಂದು ಯಾರೋ ಬಾಗಿಲು ಬಡಿಯುವಂಥ ಸಪ್ಪಳ ಶುರುವಾಯಿತು. ಕಟ್ಟೆಯ ಮೇಲೆ ಕೂತಿದ್ದ ನಮ್ಮಣ್ಣ ಬಸಪ್ಪ ಆ ಸಪ್ಪಳಕ್ಕಾಗಿಯೇ ಕಾಯುತ್ತಿದ್ದವನಂತೆ ಎದ್ದು ಬಂದ.

"ಕೇಳಿದ್ಯಾ? ಕಚೇರಿ ಬಿಟ್ಟಾಗನ ಹೇಳಿದ್ದೆ. ಈ ಕಬ್ಬಣ ಮಾರಿ ಕೈ ತೊಳ್ಕೊ" ಎಂದ. ಅಷ್ಟಕ್ಕೇ ಬಿಡಲಿಲ್ಲ, ಗೋಕಾಕದ ಹಳೇ ಕಬ್ಬಿಣದ ವ್ಯಾಪಾರಿಗೆ ಬಂದು ನೋಡೆಂದು ಹೇಳಿ ಕಳಿಸಿದ. ನಾನು ಹಟಕ್ಕೆ ಬಿದ್ದು ಇಮಾಮಸಾಬನಿಗೆ ಹೇಳಿ ಕಳಿಸಿದೆ. ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದಿಳಿದರು.

ಮಿಸ್ತ್ರಿ ಕಣ್ಣು ಮುಚ್ಚಿ ಸಪ್ಪಳ ಕೇಳಿದ. ತಲೆ ಅಲ್ಲಾಡಿಸಿದ. "ಬೇರಿಂಗ ಹೋಗೇತಿ ತಮ್ಮಾ. ಬಿಚ್ಚ."

"ಬಿಚ್ಚೂದಿಲ್ಲ ಕಾಕಾ."

"ಏನಂದಿ?"

"ಬಿಚ್ಚೂದಿಲ್ರಿ. ಆ ಬೇರಿಂಗ ನಾನ ಕೆರದು ಕೂಡ್ಸೀನಿ. ಅದು ಹೋಗಿಲ್ಲ."

"ನಿನಗ ಕೆರಿಯೂದು ಕಲಿಸಿದಾಂವ ಯಾರೊ?"

"ನೀವ. ಅದಕ್ಕ ಹೇಳಾಕತ್ತೇನಿ, ಹೋಗಿಲ್ಲ."

ಈ ಮಾತಿಗೆ ಸಿಟ್ಟಾಗಬೇಕೋ ಸಂತೋಷಪಡಬೇಕೋ ಮಿಸ್ತ್ರಿಗೆ ತಿಳಿಯಲಿಲ್ಲ. ಕಟ್ಟೆಗೆ ಹೋಗಿ ಕೂತ. ವ್ಯಾಪಾರಿ ಮಾತ್ರ ಟ್ರಕ್ಕಿನ ಸುತ್ತ ತಿರುಗುತ್ತ, ಬಲಿಯ ಕುರಿಯನ್ನು ಹಿಚುಕಿ ನೋಡಿದಂತೆ ಮಡ್‌ಗಾರ್ಡು ಬಡಿದು ನೋಡುತ್ತಿದ್ದ.

ಎಂಜಿನ್ನು ನಡೆಯುತ್ತಿರುವಾಗಲೇ ನಾನು ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಕಿತ್ತು ನೋಡಿದೆ. ಬೇರಿಂಗು ಹೋಗಿದ್ದರೆ ಅದಿರುವ ಸಿಲಿಂಡರಿನ ಕಿಡಿ ತಪ್ಪಿಸಿದಾಗ ಬಡಿತ ತಗ್ಗಬೇಕು. ತಗ್ಗಲಿಲ್ಲ. ಕೈಗೆ ಶಾಕು ಹೊಡೆದು ನಾನೇ ಎರಡು ಸಲ ಕುಣಿದೆ. ಅಣ್ಣನ ಮುಖದಲ್ಲಿ ಆ ದಿನದ ಮೊದಲ ನಗು ಕಂಡಿತು. ಆಮೇಲೆ ಅಡುಗೆಮನೆಗೆ ಓಡಿ ಲಟ್ಟಣಿಗೆ ತಂದು, ಒಂದು ತುದಿ ಎಂಜಿನ್ನಿಗೆ, ಇನ್ನೊಂದು ಕಿವಿಗೆ ಹಚ್ಚಿ ಕೇಳತೊಡಗಿದೆ.

"ಬೋಗುಣಿ ಆತು, ಇನ್ನ ಲಟ್ಟಣಿಗೀನೂ ಬೇಕೇನ್ರಿ ಅದಕ್ಕ?" ಎನ್ನುತ್ತ ನೀಲವ್ವ ಹಿಂದೆಯೇ ಬಂದಳು. "ಹೋಳಿಗಿ ಮಾಡೂದೈತಿ, ಲಗೂ ಕೊಡ್ರಿ."

"ಸುಮ್ನಿರ, ಮಾತಾಡಾಕತ್ತೈತಿ" ಎಂದೆ. ಬೇರಿಂಗುಗಳ ಕಡೆ ಬಡಿತ ದೂರದಿಂದ ಬಂದಂತೆ ಕೇಳುತ್ತಿತ್ತು. ಲಟ್ಟಣಿಗೆಯನ್ನು ಎಂಜಿನ್ನಿನ ಬದಿಗೆ ಕೂತು ಟ್ಯಾಂಕಿನಿಂದ ಪೆಟ್ರೋಲು ಎಳೆದುಕೊಡುವ ಪುಟ್ಟ ಪಂಪಿಗೆ ತಾಗಿಸಿದ ಕೂಡಲೇ ಕಿವಿಯೊಳಗೇ ಸುತ್ತಿಗೆಯ ಏಟು ಬಿದ್ದಂತಾಯಿತು. ಎಂಜಿನ್ನು ನಿಲ್ಲಿಸಿ ಆ ಪಂಪನ್ನಷ್ಟೇ ತೆಗೆದೆ, ಆ ತೂತಿಗೆ ತಗಡು ಕಟ್ಟಿದೆ. ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲಿನ ಮೇಲೆ ಮತ್ತೆ ಹ್ಯಾಂಡಲು ಹೊಡೆದೆ. ಎಂಜಿನ್ನು ನಡೆಯಿತು. ಬಡಿತವೇ ಇಲ್ಲ. ರುಬ್ಬುವ ಕಲ್ಲಿನಂತೆ ಮೆತ್ತಗೆ ಗುರುಗುಟ್ಟಿತು. ನಾನು ಅಂಗಳದ ನಡುವೆ ನಿಂತು ಲಟ್ಟಣಿಗೆ ಎತ್ತಿ ಹಿಡಿದು, "ಕೇಳ್ರಿ! ಕೇಳ್ರಿ!" ಎಂದು ಕೂಗಿದೆ. ಕೂಗುತ್ತಿರುವಾಗಲೇ ಇದ್ದ ಪೆಟ್ರೋಲು ತೀರಿ ಎಂಜಿನ್ನು ಬಿಕ್ಕಳಿಸಿ ನಿಂತಿತು.

"ಸಪ್ಪಳಾನೂ ಹೋತು, ಎಂಜಿನ್ನೂ ಹೋತು" ಎಂದ ನಮ್ಮಣ್ಣ.

ಪಂಪಿನ ಕೆಳಗೆ ದಪ್ಪ ರಟ್ಟಿನ ಪ್ಯಾಕಿಂಗು ಇರಬೇಕಾದಲ್ಲಿ ನಾನು ತೆಳ್ಳಗಿನದು ಹಾಕಿದ್ದೆ. ಹೀಗಾಗಿ ಪಂಪಿನ ತೋಳು ಒಳಗೆ ಹೆಚ್ಚು ಚಾಚಿ, ಸುತ್ತಿಗೊಮ್ಮೆ ಏಟು ತಿನ್ನುತ್ತಿತ್ತು. ದಪ್ಪನೆಯದು ಕತ್ತರಿಸಿ ಹಾಕಿದ ಮೇಲೆ ಎಲ್ಲ ಸರಿಹೋಯಿತು. ಮಿಸ್ತ್ರಿ ಎದ್ದು ಬಂದು ಬಹಳ ಹೊತ್ತು ಕೇಳಿದ. "ಹ್ಞೂಂ. ಬೇರಿಂಗ ಇವತ್ತ ಹೋಗಿಲ್ಲ, ಅಷ್ಟ" ಎಂದ. ಗುರುವಿನ ಬಾಯಿಂದ ಅದಕ್ಕಿಂತ ದೊಡ್ಡ ಬಿರುದು ನನಗೆ ಬೇಕಿರಲಿಲ್ಲ. ವ್ಯಾಪಾರಿಗೆ ನೀಲವ್ವ ಹೋಳಿಗೆ ಬಡಿಸಿದಳು. ಅವನು ಅಷ್ಟರಲ್ಲೇ ತೃಪ್ತನಾಗಿ ಬಸ್ಸು ಹತ್ತಿದ.

ಮುಂದಿನ ಸಂತೆಗೆ ಬೆಲ್ಲ ಹೇರಿ ಹುಕ್ಕೇರಿಗೆ ಹೊರಟೆ. ಅಣ್ಣನೂ ಬಾಜೂಕ್ಕೆ ಬಂದು ಕೂತ. ಸ್ವಲ್ಪ ದೂರ ಹೋಗುವುದರಲ್ಲಿ ಗೊರಕೆ ಹೊಡೆಯತೊಡಗಿದ. ಅವನ ನಂಬಿಕೆಗೆ ಅದಕ್ಕಿಂತ ದೊಡ್ಡ ಸಾಕ್ಷಿ ಏನು ಬೇಕು? ಎಂಜಿನ್ನು ಮಾತ್ರ ತೀರ ಸಪ್ಪಳವಿಲ್ಲದೆ ಓಡುತ್ತಿತ್ತು. ಇಷ್ಟು ಸುಮ್ಮನೆ ಓಡಬಹುದೇ? ಯಾರೂ ಅನುಮಾನಪಡದಿದ್ದಾಗ ಆ ಕೆಲಸವೂ ನನ್ನ ಪಾಲಿಗೇ ಬಂತು. ಘೋಡಗೇರಿಯ ಹತ್ತಿರ ತಡೆಯಲಾರದೆ ಗಾಡಿ ನಿಲ್ಲಿಸಿ ಬಾನೆಟ್ಟಿಗೆ ಕಿವಿ ಹಚ್ಚಿದೆ.

ಅಣ್ಣನಿಗೆ ಎಚ್ಚರವಾಯಿತು. "ಯಾಕೊ? ಏನಾತು?"

"ಏನೂ ಆಗಿಲ್ಲ. ರೇಡಿಯೇಟರಿಗೆ ನೀರ ಹಾಕಬೇಕು" ಎಂದು ನೆವ ಹೇಳಿದೆ.

ಅವನು ಇಳಿದು ಬಂದು, ಮುಚ್ಚಳ ತೆಗೆದು ನೋಡಿದ. "ತುಂಬೇತಲ್ಲೊ!"

"ಇನ್ನೊಂದೀಟ ಹಿಡೀತೈತಿ" ಎಂದು ನಾನು ಪಟ್ಟು ಬಿಡದೆ ನೀರಿನ ಡಬ್ಬಿ ಬಗ್ಗಿಸಿದೆ. ಹಿಡಿಯಲಿಲ್ಲ. ಉಕ್ಕಿದ ಬಿಸಿನೀರೆಲ್ಲ ನನ್ನ ಕಾಲ ಮೇಲೆಯೇ ಬಿತ್ತು.